ಭಾನುವಾರ ಕೆಡುತ್ತಿದ್ದ ಮೋಡೆಮ್

ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಮೋಡೆಮ್ ಎಲ್ಲಿಟ್ಟಿದ್ದಾರೆ ಎಂದು ಹುಡುಕುತ್ತದೆ. ಹೋದ ವರ್ಷ ತಂಗಿಯ ಮಗನಿಗೆ ಹೆಣ್ಣು ನೋಡಲು ಭಾಲ್ಕಿಗೆ ಹೋಗಿದ್ದೆವು. ಹುಡುಗಿ ಚಹಾದ ತಟ್ಟೆ ಹಿಡಿದು ಬಂದು ನಿಂತಿದ್ದಾಳೆ, ಎಲ್ಲರೂ ಅವಳ ಮುಖ ನೋಡುತ್ತಿದ್ದಾರೆ. ನಾನು ಮಾತ್ರ ಅವಳ ತಲೆಯ ಹಿಂದೆ, ಟಿ.ವಿ.ಯ ಮೇಲೆ, ಕಸೂತಿ ಬಟ್ಟೆ ಹೊದ್ದು ಕುಳಿತಿದ್ದ ಮೋಡೆಮ್ ನೋಡುತ್ತಿದ್ದೇನೆ. "ಅದರ ಮ್ಯಾಲಿನ ಬಟ್ಟಿ ತೆಗೀರಿ ಮೊದಲ, ಸೆಖಿಗಿ ಸಾಯ್ತದ ಅದು" ಎಂದು ಬಾಯಿಂದ ಬಂದೇಬಿಟ್ಟಿತು. ತಂಗಿ ನನ್ನ ಕಾಲು ತುಳಿದಳು. ಸಂಬಂಧವೇನೋ ಕುದುರಿತು. ಹುಡುಗಿಯ ಅಪ್ಪ ಮಾತ್ರ ಇವತ್ತಿಗೂ ನನ್ನನ್ನು "ಬಟ್ಟಿ ತೆಗಿಸಿದ ಬಾಯಿ" ಎಂದೇ ಕರೆಯುತ್ತಾರೆ, ನಮ್ಮ ಕಡೆ ಹೆಂಗಸರನ್ನು ಗೌರವದಿಂದ ಬಾಯಿ ಎನ್ನುವುದು.

ಅಪ್ಪ ಟೆಲಿಫೋನ್ ಲೈನ್‌ಮನ್ ಆಗಿದ್ದರು. ನೌಕರಿಯಲ್ಲಿರುವಾಗಲೇ ತೀರಿಕೊಂಡರು, ಆ ಕೆಲಸ ನನಗೆ ಬಂತು. ಬಡ್ತಿ, ವರ್ಗಾವಣೆಗಳ ಸುದ್ದಿ ಇಲ್ಲಿ ಬೇಡ, ಅವು ಎಲ್ಲರಿಗೂ ಒಂದೇ ಥರ ಇರುತ್ತವೆ. ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಗಾಜಿನ ತಂತಿಯ ಕಾಲದವರು. ತಾಮ್ರದ ತಂತಿಯ ಕಾಲದಲ್ಲಿ ಬೀದರ, ಭಾಲ್ಕಿ, ಔರಾದಗಳಲ್ಲಿ ಈ ಕೆಲಸ ನಿಜಕ್ಕೂ ಹೇಗಿತ್ತು ಎಂದು ಹೇಳೋಣ ಅನ್ನಿಸಿ ಬರೆಯುತ್ತಿದ್ದೇನೆ.

ಮೊದಲ ದಿನ ಬೀದರಿನ ಚೌಬಾರಾ ಗೋಪುರದ ಹತ್ತಿರ ಕಂಬ ಹತ್ತಿದಾಗ ಕೆಳಗೆ ಜನ ಸೇರಿದರು. "ಬಾಯಿ, ಇಳೀರಿ, ನಮ್ಮ ಹುಡುಗರು ಹತ್ತತಾರ" ಎಂದು ಮುದುಕರೊಬ್ಬರು ಕೈ ಮುಗಿದರು. ಕೆಟ್ಟಿದ್ದು ಅವರ ಮನೆಯ ಲೈನೇ. ನಾನು ಮೇಲಿದ್ದಾಗಲೇ ಅವರ ಮನೆಯ ಫೋನು ರಿಂಗಾಯಿತು. ಮುದುಕರು ಕೈ ಮುಗಿಯುವುದನ್ನು ಬಿಟ್ಟು ಒಳಗೆ ಓಡಿದರು. ಆಮೇಲೆ ಆ ಓಣಿಯಲ್ಲಿ ಯಾರೂ ನನಗೆ ಇಳಿಯಿರಿ ಎನ್ನಲಿಲ್ಲ.

ಆಗ ನಮ್ಮದು ಕಿವಿಯ ಕೆಲಸ. ಟೆಸ್ಟ್ ಫೋನಿನ ಕೊಕ್ಕೆಯನ್ನು ತಂತಿಗೆ ಹಚ್ಚಿ ಕಿವಿಗೊಟ್ಟರೆ ಸಾಕು, ರೋಗ ಗೊತ್ತಾಗುತ್ತಿತ್ತು. ಗುಂಯ್ ಎಂದರೆ ಹತ್ತಿರದಲ್ಲಿ ಕರೆಂಟಿನ ತಂತಿ ಇದೆ. ಚರಚರ ಎಂದರೆ ಜೋಡಣೆಗೆ ತುಕ್ಕು ಹಿಡಿದಿದೆ. ಏನೂ ಕೇಳಿಸದಿದ್ದರೆ ತಂತಿಯೇ ಹರಿದಿದೆ. ಇಂಟರ್ನೆಟ್ ಬಂದ ಮೇಲೆ ಅದೇ ತಂತಿಯಲ್ಲಿ ಮಾತೂ ಹೋಗತೊಡಗಿತು, ನೆಟ್ಟೂ ಹೋಗತೊಡಗಿತು. ಕಿವಿಯ ಜಾಗಕ್ಕೆ ಕಣ್ಣು ಬಂತು. ಮೋಡೆಮಿನ ಮುಖದ ಮೇಲೆ ಸಾಲಾಗಿ ದೀಪಗಳು: ಕರೆಂಟಿನದು, ಲೈನಿನದು, ಇಂಟರ್ನೆಟ್ಟಿನದು, ವೈಫೈಯದು. ಎಲ್ಲವೂ ಹಸಿರಾದರೆ ಸಹಿ ಹಾಕಿಸಿಕೊಂಡು ಬರುವುದು. ಇಷ್ಟು ಸುಲಭವೇ ಎಂದು ನನಗೆ ಸ್ವಲ್ಪ ಬೇಸರವೇ ಆಗಿತ್ತು.

ಹಾಗಲ್ಲ ಎಂದು ಕಲಿಸಿದವರು ನಮ್ಮ ಸಾಹೇಬರು. ಹುಮನಾಬಾದ ಕಡೆಯವರು, ಬಾಯಲ್ಲಿ ಯಾವಾಗಲೂ ಅಡಿಕೆ. ಸಿಟ್ಟು ಬಂದರೆ ಉರ್ದು, ಖುಷಿಯಾದರೆ ಕನ್ನಡ. ಒಂದು ದಿನ ನನ್ನ ಕೆಲಸ ನೋಡಲು ಬಂದವರು, ನಾನು ಮೋಡೆಮಿನ ಪಕ್ಕದಲ್ಲೇ ನಿಂತು "ಓಕೆ ಸರ್" ಎಂದದ್ದನ್ನು ಕೇಳಿ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು.

"ಸುಜಾತಾಬಾಯಿ, ದೀಪ ನೋಡ್ಲಿಕ್ಕ ನಾವ್ಯಾಕ ಬರ್ಬೇಕು, ಮನಿ ಮಂದಿಗಿ ಕಣ್ಣಿಲ್ಲೇನು? ಅವರ ಎಲ್ಲಿ ಕುಂತು ನೆಟ್ ನೋಡ್ತಾರ, ಅಲ್ಲಿ ಕುಂತು ನೋಡ್ರಿ. ಅಲ್ಲಿ ಬರೋಬರಿ ಇದ್ರ ಬರೋಬರಿ, ಇಲ್ಲಂದ್ರ ಇಲ್ಲ."

ಅಂದಿನಿಂದ ನಾನು ಜನರ ಅಡುಗೆಮನೆಯಲ್ಲಿ, ಮಾಳಿಗೆಯ ಮೆಟ್ಟಿಲ ಮೇಲೆ, ಮಂಚದ ತುದಿಯಲ್ಲಿ ಕೂತು ನೆಟ್ ನೋಡಿದವಳು. ಮನೆ ಮನೆಯ ಚಹಾದ ರುಚಿಯೂ ಗೊತ್ತಾಯಿತು. ಬೀದರಿನ ಹಳೆಯ ಮನೆಗಳ ಕೆಂಪು ಕಲ್ಲಿನ ಗೋಡೆ ಒಂದು ತೋಳಿನಷ್ಟು ದಪ್ಪ, ಅದರಾಚೆ ವೈಫೈ ಹೋಗುವುದಿಲ್ಲ. ಕನ್ನಡಿಯ ಕಪಾಟು ಅದನ್ನು ವಾಪಸು ಕಳಿಸುತ್ತದೆ. ಫ್ರಿಜ್ಜಿನ ಹಿಂದೆ ಇಟ್ಟರೆ ಅದು ಇದ್ದೂ ಇಲ್ಲದ ಹಾಗೆ. ಮಕ್ಕಳು ಹಾಳಾಗುತ್ತಾರೆಂದು ಕಬ್ಬಿಣದ ಟ್ರಂಕಿನಲ್ಲಿ ಮೋಡೆಮ್ ಇಟ್ಟು ಬೀಗ ಹಾಕಿದ ಒಬ್ಬ ಮಾಸ್ತರರು, ನೆಟ್ ಬರುವುದಿಲ್ಲ ಎಂದು ನಮ್ಮ ಮೇಲೆಯೇ ದೂರು ಕೊಟ್ಟಿದ್ದರು. ನನ್ನ ಮನೆಯಲ್ಲಿ ಬುದ್ಧನ ಫೋಟೊದ ಕೆಳಗೆ, ಹಾರದ ಹೂವು ಬೀಳದಷ್ಟು ದೂರದಲ್ಲಿ, ಎದೆಯೆತ್ತರಕ್ಕೆ ಇಟ್ಟಿದ್ದೇನೆ. ಮನೆಯ ನಡುಮಧ್ಯ, ಎದೆಯೆತ್ತರ, ಸುತ್ತ ಗಾಳಿ, ಇಷ್ಟು ನೆನಪಿಟ್ಟರೆ ಅರ್ಧ ಕೆಲಸ ಮುಗಿಯಿತು.

ಉಳಿದರ್ಧ ಕೆಲಸವನ್ನು ಯಾರೂ ಹೇಳಿಕೊಡಲಾರರು. ಅಷ್ಟೂರಿನಲ್ಲಿ ಒಂದು ದೊಡ್ಡ ಕೂಡುಮನೆ. ಸುಲ್ತಾನರ ಗೋರಿ ಗುಮ್ಮಟಗಳ ಕಡೆ ಹೋಗುವ ದಾರಿಯಲ್ಲೇ ಇದೆ. ಅಲ್ಲಿ ಫೋನ್ ಬಂದಾಗಲೆಲ್ಲ ನೆಟ್ ಸಾಯುತ್ತಿತ್ತು. ಫೋನಿಗೂ ಮೋಡೆಮಿಗೂ ನಡುವೆ ಮಾತನ್ನೂ ನೆಟ್ಟನ್ನೂ ಬೇರ್ಪಡಿಸುವ ಸಣ್ಣ ಡಬ್ಬಿಯೊಂದು ಇರಬೇಕು. ಅದು ಇತ್ತು, ಸರಿಯಾಗಿಯೂ ಇತ್ತು. ನನಗೆ ಕುತೂಹಲ ತಡೆಯದೆ ತಂತಿಯನ್ನು ಕೈಯಲ್ಲಿ ಹಿಡಿದು ಗೋಡೆಗುಂಟ ಹೊರಟೆ. ಅದು ಅಡುಗೆಮನೆ ದಾಟಿತು, ಹಿತ್ತಿಲು ದಾಟಿತು, ಎಮ್ಮೆ ಕಟ್ಟುವ ಕೊಟ್ಟಿಗೆಯೊಳಗೆ ಹೋಗಿ ಗೋಣಿಚೀಲದ ಕೆಳಗೆ ಮುಗಿಯಿತು. ಅಲ್ಲೊಂದು ಹಳೆಯ ಫೋನು! ಮನೆಯ ಹಿರಿಯರು ಯಾರಿಗೂ ತಿಳಿಯದ ಹಾಗೆ ಎಳೆಸಿಕೊಂಡಿದ್ದರು. ಮನೆಯ ಫೋನಿನಲ್ಲಿ ಗೆಳೆಯನ ಜೊತೆ ಮಾತಾಡಿದರೆ ಸೊಸೆ ಕೇಳಿಸಿಕೊಳ್ಳುತ್ತಾಳಂತೆ.

"ಇಲ್ಲಿ ಎಮ್ಮಿ ಒಂದೇ ಕೇಳ್ತದ ಬಾಯಿ, ಅದು ಯಾರಿಗೂ ಹೇಳಲ್ಲ. ನೀವೂ ಹೇಳ್ಬ್ಯಾಡ್ರಿ" ಎಂದರು. ಆ ಫೋನಿಗೂ ಒಂದು ಡಬ್ಬಿ ಹಾಕಿ, ಗೋಣಿಚೀಲ ಮುಚ್ಚಿ ಬಂದೆ. ಮನೆಯವರು ಏನಾಗಿತ್ತು ಎಂದು ಕೇಳಿದಾಗ "ಏನಿಲ್ರಿ, ತಂತಿ ಸಡಿಲಾಗಿತ್ತು" ಎಂದೆ.

ನನ್ನದೂ ಒಂದು ಪ್ರಸಿದ್ಧ ಎಡವಟ್ಟಿದೆ. ಬೀದರಿನ ಒಂದು ಮನೆಯಲ್ಲಿ ಮೋಡೆಮ್ ನೆಲದ ಮೇಲಿತ್ತು. "ಮನೆಯಲ್ಲಿ ಎತ್ತರದ ಜಾಗ ನೋಡಿ ಇಡಿ" ಎಂದು ಹೇಳಿ ಬಂದೆ. ಅವರ ಮನೆಯಲ್ಲಿ ಎತ್ತರದ ಜಾಗವೆಂದರೆ ದೇವರ ಜಗಲಿ. ದಸರೆಯ ಖಂಡೆಪೂಜೆಯ ದಿನ ಕೊಡಲಿ, ಕುಡುಗೋಲುಗಳ ಜೊತೆ ಮೋಡೆಮಿಗೂ ಅರಿಷಿಣದ ನೀರು ಚಿಮುಕಿಸಿ, ಗಾಳಿಯಾಡುವ ತೂತುಗಳಿಗೆ ಒಂದೊಂದಾಗಿ ಕುಂಕುಮ ಹಚ್ಚಿದ್ದಾರೆ. ಎಲ್ಲ ದೀಪಗಳೂ ಒಟ್ಟಿಗೆ ಕಣ್ಣು ಮುಚ್ಚಿದವು. ಆ ಮನೆಯ ಯಜಮಾನಿ ತಣ್ಣಗೆ "ನೀವೇ ಹೇಳಿದ್ರಲ್ರಿ, ಮ್ಯಾಲ ಇಡ್ರಿ ಅಂತ" ಎಂದರು. ಅವತ್ತು ಸಾಹೇಬರು ಊಟದ ಹೊತ್ತಿನವರೆಗೂ ಉರ್ದುವಿನಲ್ಲೇ ಮಾತಾಡಿದರು.

ಆಮೇಲೆ ಬರದ ವರ್ಷಗಳು ಬಂದವು. ಮಳೆ ಕೈಕೊಟ್ಟರೆ ನೆಟ್ಟಿಗೇನು ಎಂದು ನೀವು ಕೇಳಬಹುದು, ನಾನೂ ಹಾಗೇ ಅಂದುಕೊಂಡಿದ್ದೆ. ಸಾಯಗಾಂವದ ಲೈನು ಸತ್ತಿದೆ ಎಂದು ಹೋದರೆ, ಎರೆಭೂಮಿ ಕೈ ಹೋಗುವಷ್ಟು ಅಗಲಕ್ಕೆ ಬಾಯಿ ಬಿಟ್ಟು, ನೆಲದೊಳಗಿನ ಕೇಬಲ್ಲಿನ ಜೋಡಣೆಯನ್ನು ಎರಡು ಕಡೆಗೆ ಎಳೆದು ಬಿಚ್ಚಿಹಾಕಿತ್ತು. ಭಾಲ್ಕಿಯ ಎಕ್ಸ್‌ಚೇಂಜಿನ ಹಿಂದೆ, ಯಂತ್ರಗಳ ಹೆಚ್ಚಿನ ಕರೆಂಟು ನೆಲಕ್ಕಿಳಿಯಲೆಂದು ಮಾಡಿದ ಗುಂಡಿ ಇದೆ. ಅದು ಸದಾ ತೇವವಾಗಿರಬೇಕು. ಅದಕ್ಕೆ ಒಂದು ಕೊಡ ನೀರು ಹಾಕುತ್ತಿದ್ದಾಗ ನಳದ ಸಾಲಿನಲ್ಲಿ ನಿಂತ ಹೆಂಗಸರು ನನ್ನನ್ನು ಸುತ್ತುವರಿದರು. "ಮಂದಿಗಿ ಕುಡಿಲಕ್ಕ ನೀರಿಲ್ಲ, ನೀವ್ ಮಣ್ಣಿಗಿ ಕುಡಸ್ಲತ್ತೀರಿ!" ಅಂದಿನಿಂದ ಆಫೀಸಿನವರೆಲ್ಲ ಕೈ ತೊಳೆದ, ಡಬ್ಬಿ ತೊಳೆದ ನೀರನ್ನು ಬಕೆಟ್ಟಿನಲ್ಲಿ ಕೂಡಿಸಿ ಸಂಜೆ ಆ ಗುಂಡಿಗೆ ಹಾಕತೊಡಗಿದೆವು. ಸಾಹೇಬರು ಬಾಯಿ ಮುಕ್ಕಳಿಸಿದ ನೀರನ್ನೂ ಅಲ್ಲೇ ಉಗುಳುತ್ತಿದ್ದರು, ಅಡಿಕೆಯ ಸಮೇತ.

ಜನ ಪುಣೆಗೆ, ಮುಂಬೈಗೆ, ಹೈದರಾಬಾದಿಗೆ ಹೊರಟರು. ಬೀಗ ಹಾಕಿದ ಮನೆಗಳಿಂದ ವಾಪಸು ಬಂದ ಮೋಡೆಮುಗಳು ಆಫೀಸಿನ ಮೂಲೆಯಲ್ಲಿ ಗುಡ್ಡೆ ಬಿದ್ದವು. ಆದರೆ ವಿಚಿತ್ರವೆಂದರೆ, ಅದೇ ತಿಂಗಳುಗಳಲ್ಲಿ ಹೊಸ ಕನೆಕ್ಷನ್ ಕೇಳುವವರೂ ಹೆಚ್ಚಾದರು. ಹೋದವರ ಮುಖ ನೋಡಲು ಉಳಿದವರಿಗೆ ನೆಟ್ ಬೇಕಿತ್ತು. ಆಗ ನಮ್ಮ ಕಡೆ ಮೊಬೈಲಿನಲ್ಲಿ ವಿಡಿಯೊ ಬರುತ್ತಿರಲಿಲ್ಲ, ಮನೆಗೆ ತಂತಿ ಎಳೆಸಿದರೆ ಮಾತ್ರ. ಒಂದು ಮನೆಯಿಂದ ಬಿಚ್ಚಿ ತಂದ ಮೋಡೆಮನ್ನು ಇನ್ನೊಂದು ಮನೆಯಲ್ಲಿ ಜೋಡಿಸುತ್ತಿದ್ದೆ.

ಔರಾದಿನ ಕಾಶಿಬಾಯಿಯವರ ಮನೆಗೆ ಜೋಡಿಸಿದ್ದೂ ಅಂಥದೇ ಒಂದನ್ನು. ಅವರು ಸರ್ಕಾರಿ ದವಾಖಾನೆಯ ನರ್ಸಾಗಿ ನಿವೃತ್ತರಾದವರು, ಇಡೀ ಔರಾದಿಗೆ "ಸಿಸ್ಟರ್". ಅಕ್ಕ ತೀರಿಕೊಂಡ ಮೇಲೆ ಅವಳ ಮಗಳು ಮಹಾದೇವಿಯನ್ನು ಇವರೇ ಸಾಕಿದ್ದು. ಮಹಾದೇವಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ, ಮಾತು ಬರುವುದಿಲ್ಲ. ಅವಳ ಗಂಡ ಘಾಳೆಪ್ಪನೂ ಹಾಗೆಯೇ. ಚಿಂತಾಕಿಯ ಕುರಿ ಸಾಕುವ ಮನೆತನದವನು, ಕಲಿತದ್ದು ಬಡಗಿ ಕೆಲಸ. ನೀರಿಲ್ಲದೆ ಔರಾದಿನಲ್ಲಿ ಮನೆ ಕಟ್ಟುವುದು ನಿಂತಿತು. ಮನೆ ಕಟ್ಟದಿದ್ದರೆ ಬಾಗಿಲು, ಕಿಟಕಿ ಯಾರಿಗೆ ಬೇಕು? ಹೆಂಡತಿ ಬಸುರಿಯಾಗಿರುವಾಗಲೇ ಅವನು ಪುಣೆಯ ಒಂದು ಮರದ ಕಾರ್ಖಾನೆಗೆ ಹೋದ. ಹಿಡಿದ ಕೆಲಸ ಮುಗಿಯುವವರೆಗೆ ರಜೆ ಇಲ್ಲ. ಭಾನುವಾರ ಮುಂಜಾನೆ ಮಾತ್ರ ಮಾಲೀಕರು ತಮ್ಮ ಆಫೀಸಿನ ನೆಟ್ ಬಳಸಲು ಬಿಡುತ್ತಿದ್ದರು.

ತಂತಿ ಬೀದಿಯ ಕಿಟಕಿಯಿಂದ ಒಳಗೆ ಬರುತ್ತಿತ್ತು. ಹಾಗಾಗಿ ಮೋಡೆಮನ್ನು ಪಡಸಾಲೆಯಲ್ಲಿ, ಕಿಟಕಿಯ ಕೆಳಗಿನ ಕಾಲುಮಣೆಯ ಮೇಲೆ ಇಟ್ಟೆ. ಎಲ್ಲಿ ಕೂತು ಮಾತಾಡುತ್ತೀರಿ ಎಂದು ಕೇಳಿದಾಗ ಕಾಶಿಬಾಯಿ ನಡುಮನೆಯ ಗೋಡೆಯಲ್ಲಿದ್ದ ಗೂಡು ತೋರಿಸಿದರು. ಯಾಕೆ ಅಲ್ಲೇ?

"ಮಹಾದೇವಿ ಮಾತಾಡ್ಬೇಕಂದ್ರ ಎರಡೂ ಕೈ ಖಾಲಿ ಇರ್ಬೇಕಲ್ರಿ ಬಾಯಿ. ಫೋನ್ ಗೂಡಿನ್ಯಾಗ ನಿಂದ್ರಸ್ತೀವಿ. ಮತ್ತ ಬೆಳಕಿಂಡಿ ಬೆಳಕ ಅಲ್ಲೇ ಬೀಳ್ತದ. ಬೆಳಕಿಲ್ಲಂದ್ರ ಆಕಿ ಮಾತು ಯಾರಿಗಿ ಕಾಣ್ತದ?"

ಇಷ್ಟು ವರ್ಷ ಮಾತು ಕೇಳಿಸುತ್ತದೆಯೇ ಎಂದು ನೋಡಿದವಳು ನಾನು, ಮಾತು ಕಾಣಿಸುತ್ತದೆಯೇ ಎಂದು ಅಂದು ಮೊದಲ ಸಲ ನೋಡಿದೆ. ಗೂಡಿನ ಮುಂದೆ ಕೂತು ಪರೀಕ್ಷಿಸಿದೆ. ನನ್ನ ಫೋನಿನಲ್ಲಿ ವೈಫೈ ಎಷ್ಟು ಬರುತ್ತಿದೆ ಎಂದು ತೋರಿಸುವ ಸೂಜಿಯೊಂದಿತ್ತು. ಅದು ನೆಟ್ಟಗೆ ನಿಂತಿತು. ಆ ಭಾನುವಾರ ಗಂಡ ಹೆಂಡತಿ ತಡೆಯಿಲ್ಲದೆ ಮಾತಾಡಿದರಂತೆ, ಕೈ ನೋಯುವಷ್ಟು ಮಾತಾಡಿದರು ಎಂದು ಕಾಶಿಬಾಯಿ ನಕ್ಕರು.

ಚಳಿಗಾಲದಲ್ಲಿ ಹೆಣ್ಣುಕೂಸು ಹುಟ್ಟಿತು. ಬೇಸಿಗೆ ಏರಿದ ಮೇಲೆ ಭಾನುವಾರಗಳ ಬಗ್ಗೆ ದೂರು ಬಂತು: "ಐತ್ವಾರ ಚಿತ್ರ ನಿಂತ್‌ಬಿಡ್ತದ್ರಿ." ಔರಾದಿಗೆ ನನ್ನ ಸರದಿ ಬುಧವಾರ. ಹೋಗಿ ಗೂಡಿನ ಮುಂದೆ ಕೂತೆ, ಸೂಜಿ ನೆಟ್ಟಗೇ ಇತ್ತು. ನೋಡಿದೆ, ಸರಿಯಿದೆ ಎಂದು ದೂರು ಮುಗಿಸಿದೆ. ಮತ್ತೆ ಬಂತು. ಮೋಡೆಮ್ ಬದಲಿಸಿದೆ, ಬುಧವಾರ ಸರಿಯಿತ್ತು. ಮತ್ತೆ ಬಂತು. ಈ ಸಲ ಸಾಹೇಬರು ಕನ್ನಡವೂ ಅಲ್ಲದ ಉರ್ದುವೂ ಅಲ್ಲದ ಭಾಷೆಯಲ್ಲಿ, "ಫಾಲ್ಟ್ ಪುಣಾದಾಗ ಅದ, ನಮ್ ಕಡಿ ಇಲ್ಲ. ಛೋಡೋ" ಎಂದರು. ಅದೂ ಸಾಧ್ಯವಿತ್ತು. ಭಾನುವಾರ ಊರಿನವರೆಲ್ಲ ಒಟ್ಟಿಗೆ ಬಳಸುತ್ತಾರೇನೋ ಎಂದು ಎಕ್ಸ್‌ಚೇಂಜಿನಲ್ಲಿ ವಿಚಾರಿಸಿದರೆ, ಔರಾದಿನಲ್ಲಿ ಭಾನುವಾರವೇ ಬಳಕೆ ಕಡಿಮೆ. ವಾರದಲ್ಲಿ ಒಂದು ದಿನ ಮಾತ್ರ ಬರುವ ರೋಗ ಯಾವುದು? ನನಗೆ ಊಟ ರುಚಿಸಲಿಲ್ಲ.

ಕಾಶಿಬಾಯಿ ಬೀದರಿನ ಆಫೀಸಿಗೇ ಬಂದರು. ಅವತ್ತು ಗೊತ್ತಾಯಿತು, ಅವರ ಮನೆಯಲ್ಲಿ ಕೆಟ್ಟಿದ್ದು ನೆಟ್ ಮಾತ್ರವಲ್ಲ.

"ಕೂಸಿಗಿ ಕಿವಿ ಕೇಳ್ತದ್ರಿ ಬಾಯಿ. ನಾ ನರ್ಸು, ನನಗ ಗೊತ್ತಾಗಲ್ಲೇನು? ಚಪ್ಪಾಳಿ ಹೊಡದ್ರ ತಿರುಗ್ತದ, ನನ್ನ ದನಿಗಿ ನಗ್ತದ. ಘಾಳೆಪ್ಪ ನಂಬ್ಲಿಕ್ಕ ತಯಾರಿಲ್ಲ. ಸಣ್ಣಾಂವ ಇದ್ದಾಗ ಅವರವ್ವನೂ ಹಿಂಗೇ, ನನ್ನ ಮಗಗ ಕೇಳ್ತದ, ಕೇಳ್ತದ ಅಂತ ಎಲ್ಲಾರಿಗಿ ಹೇಳಿದ್ಳಂತ. ಬ್ಯಾರೇದವರ ಮಾತ ಬ್ಯಾಡ, ನನ್ನ ಕಣ್ಣಿಲಿ ನೋಡ್ತೀನಿ ಅಂತಾನ."

ವಿಡಿಯೊ ತೆಗೆದು ಕಳಿಸಬಹುದಿತ್ತಲ್ಲ ಎಂದೆ.

"ಕಳ್ಸೀವ್ರಿ. ಆ ಕಡಿಯಿಂದ ಯಾರೋ ಗೊಂಬಿ ತೋರ್ಸ್ಯಾರ, ಅದಕ್ಕ ತಿರುಗ್ಯಾದ ಅಂದ. ತಾ ಕೈ ಎತ್ತಿದಾಗ ಸಪ್ಪಳ ಮಾಡ್ಬೇಕು, ತಾ ನೋಡ್ಕೋತ ಇರ್ಬೇಕು, ಆಗ ನಂಬ್ತಾನಂತ. ಐತ್ವಾರ ಅವ ಕೈ ಎತ್ತತಾನ, ಚಿತ್ರ ನಿಂದರ್ತದ. ಒಮ್ಮಿ ಕೂಸಿನ ಮುಖ ಇತ್ಲಾಗ, ಇನ್ನೊಮ್ಮಿ ಅತ್ಲಾಗ. ತಿರುಗಿದ್ದು ಮಾತ್ರ ಅವಗ ಕಾಣಲ್ಲ. ಬೇಕಂತೇ ನೆಟ್ ಬಂದ್ ಮಾಡ್ತೀರಿ, ನನ್ನಿಂದ ಮುಚ್ಚಿಡ್ಲತ್ತೀರಿ ಅಂತ ಮಹಾದೇವಿ ಮ್ಯಾಲ ಸಿಟ್ಟಿಗೆದ್ದಾನ. ಹ್ವಾದ ಐತ್ವಾರ ಬರ್ಲೇ ಇಲ್ಲ. ಆಕಿ ಗೂಡಿನ ಮುಂದ ಕುಂತೇ ಇದ್ದಳು." ಕಾಶಿಬಾಯಿ ಸೆರಗಿನಿಂದ ಮುಖ ಒರೆಸಿಕೊಂಡರು. "ನೀವ್ ಬುಧವಾರ ಬರ್ತೀರಿ, ಬುಧವಾರ ಎಲ್ಲಾ ಛಲೋ ಇರ್ತದ. ಒಮ್ಮಿ ಐತ್ವಾರ ಬಂದು ನೋಡ್ರಿ."

ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಕುತೂಹಲವಾಯಿತು. ಜನ ಕೂತಲ್ಲಿ ಕೂತು ನೋಡು ಎಂದು ಸಾಹೇಬರು ಕಲಿಸಿದ್ದರು. ಅವರು ಕೂತಾಗ ಕೂತು ನೋಡು ಎಂದು ಯಾರೂ ಕಲಿಸಿರಲಿಲ್ಲ.

ಭಾನುವಾರದ ಮೊದಲ ಬಸ್ಸಿಗೆ ಔರಾದಿಗೆ ಹೋದೆ. ಓಣಿಯ ಬಾಯಿಗೆ ಬರುತ್ತಿದ್ದಂತೆ ಢಂ ಢಂ ಢಂ ಎಂದು ಸದ್ದು. ತುದಿಮನೆಯ ಹೆಂಗಸು ಖಾಲಿ ಬ್ಯಾರಲ್ ಬಾರಿಸುತ್ತಿದ್ದಳು. ಆ ಓಣಿಯಲ್ಲಿ ಟ್ಯಾಂಕರ್ ಮೊದಲು ಕಂಡವರು ಹಾಗೆ ಬಾರಿಸಿ ಉಳಿದವರನ್ನು ಕರೆಯಬೇಕು, ಅದು ಅವರು ಮಾಡಿಕೊಂಡ ಕಟ್ಟುಪಾಡು. ಮನೆಮನೆಯಿಂದ ಕೊಡ ಹಿಡಿದು ಜನ ಓಡಿದರು. ವಾರಕ್ಕೊಂದೇ ಟ್ಯಾಂಕರ್, ಅದು ಬರುವುದು ಭಾನುವಾರ.

ಕಾಶಿಬಾಯಿಯವರ ಪಡಸಾಲೆಗೆ ಕಿಟಕಿಯಿಂದ ಪೈಪು ಬಿಟ್ಟಿದ್ದರು. ಪಡಸಾಲೆಗೂ ನಡುಮನೆಗೂ ನಡುವಿನ ಹಲಗೆಯ ಗೋಡೆಗೆ ಒತ್ತಿ ಸಾಲಾಗಿ ನೀಲಿ ಬ್ಯಾರಲ್‌ಗಳು. ಹೊರಗಿಟ್ಟರೆ ಕಳುವಾಗುತ್ತದೆಂದು ಆ ಬೇಸಿಗೆಯಲ್ಲಿ ಎಲ್ಲರೂ ನೀರನ್ನು ಮನೆಯೊಳಗೇ ಇಟ್ಟು ಬಾಗಿಲು ಹಾಕುತ್ತಿದ್ದರು. ಬುಧವಾರ ಬಂದಾಗ ನಾನೂ ಅವನ್ನು ನೋಡಿದ್ದೆ, ಮುಚ್ಚಳದ ಮೇಲೆ ನನ್ನ ಚೀಲವನ್ನೂ ಇಟ್ಟಿದ್ದೆ. ಒಂದು ಬಿಟ್ಟು ಉಳಿದೆಲ್ಲ ಬ್ಯಾರಲ್‌ಗಳು ತುಂಬುವಷ್ಟರಲ್ಲಿ ಟ್ಯಾಂಕರ್ ಬರಿದಾಯಿತು. ನಾನು ಗೂಡಿನ ಮುಂದೆ ಕೂತು ಫೋನು ತೆಗೆದೆ. ಸೂಜಿ ಸುಸ್ತಾದವರ ಹಾಗೆ ಮಲಗಿತ್ತು.

ಎದ್ದು ಪಡಸಾಲೆಗೆ ಬಂದೆ, ಸೂಜಿ ನಿಂತಿತು. ಮತ್ತೆ ನಡುಮನೆಗೆ, ಬ್ಯಾರಲ್‌ಗಳ ಈಚೆಗೆ ಬಂದೆ, ಮಲಗಿತು. ಫೋನು ಹಿಡಿದ ಕೈಯನ್ನು ಬ್ಯಾರಲ್‌ಗಳಿಗಿಂತ ಮೇಲಕ್ಕೆತ್ತಿದೆ, ನಿಂತಿತು. ಮಹಾದೇವಿ ಮಗುವನ್ನು ಸೊಂಟದ ಮೇಲಿಟ್ಟುಕೊಂಡು, ನಾನು ಕೂತೆದ್ದು ಮಾಡುವುದನ್ನು ಬೆರಗಿನಿಂದ ನೋಡುತ್ತಿದ್ದಳು.

"ಸಿಸ್ಟರ್, ನೀರು! ನೀರಿನೊಳಗಿಂದ ವೈಫೈ ಹಾಯೋದಿಲ್ಲ!" ಎಂದು ನಾನು ಕೂಗಿದೆ. ಅರ್ಧ ಬರಿದಾದ ಬ್ಯಾರಲ್‌ನ ಮೇಲಿಂದ ಅದು ಹಾದುಹೋಗುತ್ತದೆ, ಅದಕ್ಕೇ ಬುಧವಾರ ಎಲ್ಲ ಸರಿ. ತುಂಬಿದ ಬ್ಯಾರಲ್‌ಗಳ ಸಾಲು ನೀರಿನ ಗೋಡೆಯೇ ಆಗುತ್ತದೆ. ಬರದಲ್ಲಿ ನೀರು ಹೆಚ್ಚಾಗಿ ಕೆಟ್ಟ ನೆಟ್ ನನ್ನ ನೌಕರಿಯಲ್ಲಿ ಅದೊಂದೇ.

ತುಂಬಿದ ಬ್ಯಾರಲ್ ಸರಿಸುವುದು ಸಾಧ್ಯವಿರಲಿಲ್ಲ. ಮೋಡೆಮನ್ನೇ ಮೇಲೇರಿಸಬೇಕು. ನಡುಬಾಗಿಲ ಮೇಲೆ ಒಂದು ಚಂದದ ಹಲಗೆ ಇತ್ತು, ಅದರ ಮೇಲೆ ಹಿತ್ತಾಳೆ ಪಾತ್ರೆಗಳು. ಪುಣೆಗೆ ಹೋಗುವ ಮುಂಚೆ ಘಾಳೆಪ್ಪನೇ ಮಾಡಿಟ್ಟದ್ದಂತೆ. ನಾನು ಬೆರಳು ತೋರಿಸುವ ಮೊದಲೇ ಮಹಾದೇವಿ ಮಗುವನ್ನು ಕಾಶಿಬಾಯಿಗೆ ಕೊಟ್ಟು, ಸ್ಟೂಲ್ ಹತ್ತಿ, ಪಾತ್ರೆಗಳನ್ನು ಇಳಿಸಿದಳು. ಚೀಲದಲ್ಲಿದ್ದ ತಂತಿ ಎಳೆದು, ಮೋಡೆಮನ್ನು ಗಂಡನ ಹಲಗೆಯ ಮೇಲೆ ಕೂರಿಸಿದೆ. ದೀಪಗಳು ಹಸಿರಾದವು. ಗೂಡಿನ ಮುಂದೆ ಸೂಜಿ ಎದ್ದು ನಿಂತಿತು.

ಈಗ ಅವನು ಬರುತ್ತಾನೋ ಇಲ್ಲವೋ. ಮಹಾದೇವಿ ಕರೆ ಮಾಡಿದಳು. ತೆಗೆಯಲಿಲ್ಲ. ಮತ್ತೆ ಮಾಡಿದಳು. ಮೂರನೆಯ ಸಲಕ್ಕೆ ಪರದೆಯ ಮೇಲೆ ಗಡ್ಡ ಬಿಟ್ಟ, ಕೂದಲಲ್ಲಿ ಮರದ ಪುಡಿ ಇದ್ದ ಒಬ್ಬ ಯುವಕ ಬಂದ. ಅವನ ಮುಖ ಗಂಟಿಕ್ಕಿತ್ತು, ಆದರೆ ಚಿತ್ರ ನಿಲ್ಲಲಿಲ್ಲ. ಮಹಾದೇವಿಯ ಕೈಗಳು ಓಡ ಓಡುತ್ತ ಏನೇನೋ ಹೇಳಿದವು. ಅವನು ಸಾಕು ಎಂಬಂತೆ ಅಂಗೈ ತೋರಿಸಿ, ಕೈ ಮೇಲೆತ್ತಿದ.

ಕಾಶಿಬಾಯಿ ಹಿಂದಿನಿಂದ ಚಪ್ಪಾಳೆ ತಟ್ಟಿದರು. ಆಗಷ್ಟೇ ಹಾಲು ಕುಡಿದು ತಾಯಿಗೆ ಒರಗಿ ಕೂತಿದ್ದ ಕೂಸು, ಬಾಯಲ್ಲಿ ಬೆರಳಿಟ್ಟುಕೊಂಡು ಪರದೆಯ ಬೆಳಕನ್ನೇ ನೋಡುತ್ತಿತ್ತು. ತಿರುಗಲಿಲ್ಲ. ಅವನು ಮತ್ತೆ ಕೈ ಎತ್ತಿದ. ತಟ್ಟೆ ಬಡಿದರು. ತಿರುಗಲಿಲ್ಲ. ಅವನ ಮುಖ ಗಟ್ಟಿಯಾಗುತ್ತ ಹೋಯಿತು. ಮಹಾದೇವಿ ದಿಕ್ಕು ತೋಚದೆ ನನ್ನ ಕಡೆ ನೋಡಿ, ಪಡಸಾಲೆಯ ಖಾಲಿ ಬ್ಯಾರಲ್ ತೋರಿಸಿ, ಬಾರಿಸು ಎಂದು ಸನ್ನೆ ಮಾಡಿದಳು. ನನಗೂ ತಡೆಯಲಾಗಲಿಲ್ಲ. ಒನಕೆ ತೆಗೆದುಕೊಂಡು ಇದ್ದಬದ್ದ ಶಕ್ತಿಯಿಂದ ಢಂ ಢಂ ಢಂ ಎಂದು ಬಡಿದೆ.

ಕೂಸು ಬೆಚ್ಚಿಬಿದ್ದು ನನ್ನ ಕಡೆ ತಿರುಗಿತು. ಗೆದ್ದೆವು ಎಂದು ನಾನು ಒನಕೆ ಹಿಡಿದೇ ಒಳಗೆ ಬಂದೆ. ಘಾಳೆಪ್ಪ ಅಲ್ಲ ಎಂದು ನಿಧಾನವಾಗಿ ತಲೆಯಾಡಿಸಿ, ಎದೆಯನ್ನೂ ನೆಲವನ್ನೂ ಮುಟ್ಟಿ ತೋರಿಸಿದ. ಕಾಶಿಬಾಯಿ ಅದನ್ನು ನನಗೆ ಬಿಡಿಸಿ ಹೇಳಿದರು.

"ಇದು ಕಿವಿಲಿ ಅಲ್ಲ, ಎದಿಲಿ ಗೊತ್ತಾಗ್ತದ, ನೆಲದಿಂದ ಗೊತ್ತಾಗ್ತದ ಅಂತಾನ್ರಿ. ಅವರ ಮನ್ಯಾಗ ಡೊಳ್ಳು ಬಾರ್ಸಿದಾಗ ತಾನೂ ಹಿಂಗೇ ತಿರುಗ್ತಿದ್ನಂತ. ಅದನ್ನೇ ನೋಡಿ ಅವರವ್ವ ಕೇಳ್ತದ ಅಂತ ತಿಳ್ಕೊಂಡಿದ್ಳಂತ."

ಮಹಾದೇವಿಯ ಕೈಗಳು ಮಡಿಲಿಗೆ ಬಿದ್ದವು, ಮಾತು ಮುಗಿದ ಹಾಗೆ. ಕಾಶಿಬಾಯಿ ಅವಳ ಪಕ್ಕದಲ್ಲಿ ಕುಸಿದು ಕೂತರು. ಪರದೆಯಲ್ಲಿ ಘಾಳೆಪ್ಪ ಕೂಸನ್ನೇ ನೋಡುತ್ತಿದ್ದ, ಕಣ್ಣು ತುಂಬಿಕೊಂಡಿದ್ದ. ನಾನು ಒನಕೆಯನ್ನು ಸದ್ದಾಗದಂತೆ ಗೋಡೆಗೆ ಒರಗಿಸಿದೆ.

ಆ ಓಣಿಯಲ್ಲಿ ಬ್ಯಾರಲ್ ಬಾರಿಸಿದರೆ ಏನರ್ಥ ಎಂಬುದು ನನಗೆ ಮರೆತೇಹೋಗಿತ್ತು. ಬೀದಿಬಾಗಿಲು ಹಾಕಿತ್ತು. ಅದರಾಚೆಯಿಂದ ಪಕ್ಕದ ಮನೆಯವಳು, ಕೂಸು ಮಲಗಿರಬಹುದೆಂದೋ ಏನೋ, ಸಣ್ಣ ದನಿಯಲ್ಲಿ ಕೇಳಿದಳು:

"ಸಿಸ್ಟರ್, ಟ್ಯಾಂಕರ್ ಮತ್ತ ಬಂತೇನ್ರಿ?"

ಕೂಸು ಬಾಯಿಂದ ಬೆರಳು ತೆಗೆದು ಬಾಗಿಲ ಕಡೆ ತಿರುಗಿತು. ಅದರ ಹಿಂದೆಯೇ ಕಾಶಿಬಾಯಿಯೂ ತಿರುಗಿದರು. ಮಹಾದೇವಿ ತಿರುಗಲಿಲ್ಲ, ಅವಳು ತಲೆ ತಗ್ಗಿಸಿ ಕೂತೇ ಇದ್ದಳು.

ಪುಣೆಯಲ್ಲಿ ಘಾಳೆಪ್ಪ ಕುರ್ಚಿಯಿಂದ ಎದ್ದ. ಅವನ ಮುಖ ಪರದೆಯ ತುಂಬ ಬಂತು. ಕೈಗಳನ್ನು ಎರಡೆರಡು ಸಲ, ಮೂರು ಮೂರು ಸಲ ಬೀಸಿ ಹೆಂಡತಿಯನ್ನು ಕರೆದ. ಅವಳು ತಲೆಯೆತ್ತಿದಾಗ ಕೂಸಿನ ಕಡೆ, ಕಾಶಿಬಾಯಿಯ ಕಡೆ, ಆಮೇಲೆ ಬಾಗಿಲಿನ ದಿಕ್ಕಿಗೆ ಬೆರಳು ಮಾಡಿ ಏನೋ ಹೇಳಿದ. ಅಳುತ್ತಿದ್ದ, ನಗುತ್ತಿದ್ದ, ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ. ಚಿತ್ರ ಒಂದು ಸಲವೂ ನಿಲ್ಲಲಿಲ್ಲ.

"ಏನಂತ್ರಿ ಸಿಸ್ಟರ್?" ಎಂದೆ.

ಕಾಶಿಬಾಯಿ ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು. "ಬಾಗಲಿಗಿ ಯಾರೋ ಬಂದಾರ, ಮಗಳು ಕೇಳ್ಯಾಳ, ಹೋಗಿ ತೆಗಿ ಅಂತ ಹೇಳ್ಲತ್ತಾನ್ರಿ."

ಮಹಾದೇವಿ ಕೂಸನ್ನು ಎತ್ತಿಕೊಂಡು ಹೋಗಿ ಬಾಗಿಲು ತೆಗೆದಳು. ಹೊರಗೆ ಇಡೀ ಓಣಿ ಖಾಲಿ ಕೊಡ ಹಿಡಿದು ನಿಂತಿತ್ತು.